ಪೀಪಾಯಿಯ ಧಾರಣೆ ಮತ್ತು ನಮ್ಮ ಕರಾವಳಿ

ಕುಮಟಾ ತಾಲೂಕಿನ ಸಂತೆಗುಳಿಯಲ್ಲಿ ಎಣ್ಣೆಯ ಬಾವಿಯಿಲ್ಲ. ಚಂದಾವರದಿಂದ ಒಳಕ್ಕೆ, ದೊಡ್ಡಮನೆ ಘಟ್ಟ ಹತ್ತಿ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ, ಗದ್ದೆ ತೋಟಗಳ ನಡುವೆ ಇರುವ ಊರು ಇದು. ಇಲ್ಲಿಯ ಜನ ದಿನವೂ ಕೇಳುವ ಧಾರಣೆ ಎಂದರೆ ಅಡಿಕೆಯದು, ಮೆಣಸಿನದು, ತೆಂಗಿನಕಾಯಿಯದು. ಆದರೆ ಕಳೆದ ಐವತ್ತು ವರ್ಷಗಳಲ್ಲಿ ಸಂತೆಗುಳಿಯಿಂದ ಭಟ್ಕಳದವರೆಗಿನ ಎಷ್ಟೋ ಮನೆಗಳ ಒಲೆ, ಮಾಡು, ಮದುವೆಗಳನ್ನು ನಿರ್ಧರಿಸಿದ್ದು ಇನ್ನೊಂದು ಧಾರಣೆ. ಅದು ಕಚ್ಚಾತೈಲದ ಪೀಪಾಯಿಯ ಧಾರಣೆ. ಒಂದು ಪೀಪಾಯಿ ಎಂದರೆ ಸುಮಾರು 159 ಲೀಟರ್. ಅದನ್ನು ಇಲ್ಲಿ ಯಾರೂ ಕಣ್ಣಿನಿಂದ ಕಂಡವರಲ್ಲ.

ನಾನು ಈ ಭಾಗದ ಪ್ರೌಢಶಾಲೆಗಳಲ್ಲಿ ಸಮಾಜವಿಜ್ಞಾನ ಕಲಿಸುತ್ತಿದ್ದವನು. ಗೋಡೆಯ ಭೂಪಟದ ಮೇಲೆ ಕೋಲಿಟ್ಟು ಕುವೈತನ್ನೋ ದಮ್ಮಾಮನ್ನೋ ತೋರಿಸಿದರೆ, ಹಿಂದಿನ ಬೆಂಚಿನಿಂದ ಒಬ್ಬ ಹುಡುಗ "ಸರ್, ನಮ್ಮ ಅಪ್ಪ ಇರೂದು ಅಲ್ಲೇ" ಎನ್ನುತ್ತಿದ್ದ. ಪಠ್ಯಪುಸ್ತಕದಲ್ಲಿ "ಪ್ರಮುಖ ಖನಿಜ: ಪೆಟ್ರೋಲಿಯಂ" ಎಂಬ ಒಂದು ಸಾಲು ಮುದ್ರಿತವಾಗಿತ್ತು. ಆ ಒಂದು ಸಾಲಿನ ಮೇಲೆ ಆ ಹುಡುಗನ ಮನೆ ನಿಂತಿತ್ತು.

ನಮ್ಮಲ್ಲಿ ಎರಡು ಮಾತುಗಳು ಬಹುಕಾಲದಿಂದ ರೂಢಿಯಲ್ಲಿವೆ. ಮುಸಲ್ಮಾನ ದೇಶಗಳೆಂದರೆ ಎಣ್ಣೆಯ ದೇಶಗಳು ಎಂಬುದು ಒಂದು. ಎಣ್ಣೆಯಿದ್ದ ದೇಶಕ್ಕೆ ಸಿರಿ ಶಾಶ್ವತ ಎಂಬುದು ಇನ್ನೊಂದು. ಇವೆರಡೂ ಇತಿಹಾಸದ ಎದುರು ನಿಲ್ಲುವ ಮಾತುಗಳಲ್ಲ. ಅದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯ ಚರಿತ್ರೆಯನ್ನೇ ಮೊದಲು ನೋಡಿದರೆ ಸಾಕು. ಒಂದೇ ಸರಕನ್ನು ನೆಚ್ಚಿಕೊಂಡು ಏರಿದ್ದೂ ಇಳಿದದ್ದೂ ನಮಗೆ ಹೊಸತಲ್ಲ.

14ನೆಯ ಶತಮಾನದ ನಡುಭಾಗದಲ್ಲಿ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದ. ಅವನ ಬರಹದಲ್ಲಿ ಅದು "ಹಿನೌರ್". ಅಲ್ಲಿ ಜಮಾಲುದ್ದೀನ್ ಎಂಬ ಸುಲ್ತಾನನಿದ್ದ, ಅವನು ಹರ್ಯಬ್ ಎಂಬ ದೊರೆಯ ಅಧೀನದಲ್ಲಿದ್ದ ಎಂದು ಆತ ಹೇಳುತ್ತಾನೆ. ಆ ಊರಿನ ಜನರಿಗೆ ಬೇಸಾಯದ ಭೂಮಿಯಿಲ್ಲ, ಕಡಲ ವ್ಯಾಪಾರದಿಂದಲೇ ಅವರ ಜೀವನ ಎಂದೂ ಬರೆಯುತ್ತಾನೆ. ಜತೆಗೆ ಹುಡುಗರಿಗಾಗಿ 23 ಮತ್ತು ಹುಡುಗಿಯರಿಗಾಗಿ 13 ಶಾಲೆಗಳನ್ನು ಅಲ್ಲಿ ಕಂಡೆನೆಂದೂ, ಇಂಥದ್ದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ದಾಖಲಿಸಿದ್ದಾನೆ. ಮೇಷ್ಟ್ರಾದ ನನಗೆ ಈ ಎರಡು ಸಂಖ್ಯೆಗಳು ಅವನ ಬೇರೆಲ್ಲ ವರ್ಣನೆಗಳಿಗಿಂತ ಹೆಚ್ಚು ಬೆಲೆಯುಳ್ಳವು. ಮುಂದೆ ಇವುಗಳ ಪ್ರಸ್ತಾಪ ಮತ್ತೆ ಬರುತ್ತದೆ.

ವಿಜಯನಗರದ ಕಾಲದಲ್ಲಿ ಭಟ್ಕಳವು ದೊಡ್ಡ ಬಂದರಾಗಿತ್ತು. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸಾ ಅದನ್ನು ವರ್ಣಿಸಿದ್ದಾನೆ. ಹೊರ್ಮುಜ್‌ನಿಂದ ಹಡಗುಗಳು ಕುದುರೆ ಮತ್ತು ಮುತ್ತುಗಳನ್ನು ತರುತ್ತಿದ್ದವು. ಹಿಂದಿರುಗುವಾಗ ಬೆಳ್ತಿಗೆ ಅಕ್ಕಿ, ಸಕ್ಕರೆ, ಕಬ್ಬಿಣಗಳನ್ನು ಒಯ್ಯುತ್ತಿದ್ದವು. ಕುದುರೆಗಳಿಗೆ ಇದ್ದ ದೊಡ್ಡ ಗಿರಾಕಿ ಒಬ್ಬನೇ, ವಿಜಯನಗರದ ಅರಸ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದು ಕುದುರೆಯ ಹಡಗುಗಳು ಅಲ್ಲಿಗೇ ಬರಬೇಕೆಂದು ಒತ್ತಾಯಿಸಿದರು. 1547ರಲ್ಲಿ ಅವರು ವಿಜಯನಗರದೊಡನೆ ಒಪ್ಪಂದ ಮಾಡಿಕೊಂಡು, ಗೋವೆಗೆ ಬಂದ ಕುದುರೆಗಳನ್ನು ಆ ರಾಜ್ಯಕ್ಕೇ ಮಾರುವುದಾಗಿ ಗೊತ್ತುಪಡಿಸಿದರು. 1565ರ ತಾಳಿಕೋಟೆಯ ಯುದ್ಧದಲ್ಲಿ ಗಿರಾಕಿಯೇ ಮುಳುಗಿದ. ಭಟ್ಕಳದ ವರ್ತಕರ ಕಡೆಯಿಂದ ಯಾವ ತಪ್ಪೂ ಆಗಿರಲಿಲ್ಲ. ಅವರ ವ್ಯಾಪಾರದ ಗತಿ ಗೋವೆಯ ಕೋಟೆಯಲ್ಲಿಯೂ ಕೃಷ್ಣಾ ನದಿಯ ಬಯಲಿನಲ್ಲಿಯೂ ತೀರ್ಮಾನವಾಯಿತು.

ಅನಂತರ ಮೆಣಸಿನ ಕಾಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು "ಮೆಣಸಿನ ರಾಣಿ" ಎಂದು ಕರೆದರು. 16ನೆಯ ಶತಮಾನದ ಉತ್ತರಾರ್ಧದಲ್ಲಿ ಘಟ್ಟದ ಮೆಣಸು ಶರಾವತಿ, ಅಘನಾಶಿನಿ ನದಿಗಳ ಮೂಲಕ ಕಡಲಿಗೆ ಇಳಿಯುತ್ತಿತ್ತು. ಆ ಮೆಣಸಿಗಾಗಿ ದೂರದ ಲಿಸ್ಬನ್ನಿನವರೂ ನೆರೆಯ ಅರಸರೂ ಕಾದಾಡಿದರು. ಕೊನೆಗೆ 17ನೆಯ ಶತಮಾನದ ಮೊದಲ ದಶಕದಲ್ಲಿ ಕೆಳದಿಯ ವೆಂಕಟಪ್ಪ ನಾಯಕನ ಕೈಯಲ್ಲಿ ಆ ರಾಜ್ಯ ಕೊನೆಗೊಂಡಿತು.

ಮೂರನೆಯದು ಹತ್ತಿ. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಆದ್ದರಿಂದ ಮುಂಬಯಿಯ ಪೇಟೆಯಲ್ಲಿ ಅದಕ್ಕೆ "ಕುಮಟಾ ಹತ್ತಿ" ಎಂದೇ ಹೆಸರು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ನಮ್ಮ ಹತ್ತಿಯ ಧಾರಣೆ ಎಂದೂ ಕಾಣದಷ್ಟು ಏರಿತು. 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ಕುಸಿಯಿತು. 1880ರ ದಶಕದಲ್ಲಿ ಮುರಗಾಂವ್ ಬಂದರಿಗೆ ರೈಲು ಹಾದಿ ಸಿದ್ಧವಾಗಿ, ಉಳಿದಿದ್ದ ಹತ್ತಿಯೂ ಆ ಕಡೆ ಹರಿಯಿತು.

ಕುದುರೆ, ಮೆಣಸು, ಹತ್ತಿ ಮೂರರಲ್ಲಿಯೂ ನಡೆದದ್ದು ಒಂದೇ. ಸರಕು ಇಲ್ಲಿ ಹಾದುಹೋಯಿತು, ಬೆಲೆಯನ್ನು ಬೇರೆಯವರು ಕಟ್ಟಿದರು.

ಈಗ ಕಡಲಿನ ಆಚೆಯ ದಡಕ್ಕೆ ಹೋಗೋಣ. ಅರಬ್ಬಿಯ ಕೊಲ್ಲಿಯ ಊರುಗಳ ಕಥೆ ನಮ್ಮ ಬಂದರುಗಳ ಕಥೆಗಿಂತ ತೀರ ಬೇರೆಯಾಗಿಲ್ಲ. ಎಣ್ಣೆ ಸಿಗುವ ಮೊದಲು ಬಹರೈನ್, ಕುವೈತ್, ಕತಾರ್, ದುಬೈಗಳು ಬದುಕಿದ್ದು ಬಹುಮಟ್ಟಿಗೆ ಮುತ್ತಿನ ಮೇಲೆ. ಬೇಸಗೆಯ ತಿಂಗಳುಗಳಲ್ಲಿ ಗಂಡಸರು ದೋಣಿಗಳಲ್ಲಿ ಹೋಗಿ, ಮೂಗಿಗೆ ಚಿಮಟ ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿ ಮುಳುಗುತ್ತಿದ್ದರು. ನಾಖುದನಿಂದ ಪಡೆದ ಮುಂಗಡ ಸಾಲ ತೀರದೆ ಮಗನ ತಲೆಗೆ ಬರುತ್ತಿತ್ತು. ಮುತ್ತಿನ ದೊಡ್ಡ ಮಾರುಕಟ್ಟೆ ಮುಂಬಯಿ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಜಪಾನಿನ ಮಿಕಿಮೊಟೊ ಕೊಕಿಚಿ ಮೊದಲಾದವರು ಚಿಪ್ಪಿನೊಳಗೆ ಮುತ್ತನ್ನು ಬೆಳೆಸುವ ಉಪಾಯವನ್ನು ವ್ಯಾಪಾರಕ್ಕೆ ತಂದರು. 1929ರ ಜಾಗತಿಕ ಆರ್ಥಿಕ ಕುಸಿತವೂ ಅದೇ ಹೊತ್ತಿಗೆ ಬಂತು. ಕೊಲ್ಲಿಯ ಮುತ್ತಿನ ವ್ಯಾಪಾರ ಕೆಲವೇ ವರ್ಷಗಳಲ್ಲಿ ನೆಲಕಚ್ಚಿತು. ಒಂದೇ ಸರಕನ್ನು ನೆಚ್ಚಿದರೆ ಏನಾಗುತ್ತದೆ ಎಂಬ ಪಾಠ ಆ ದಡದವರಿಗೆ ಎಣ್ಣೆಗಿಂತ ಮೊದಲೇ ಆಗಿತ್ತು.

ಎಣ್ಣೆ ಸಿಕ್ಕಿದ ಕ್ರಮ ಹೀಗೆ. ಇರಾನಿನಲ್ಲಿ 1908, ಇರಾಕಿನ ಕಿರ್ಕೂಕಿನಲ್ಲಿ 1927, ಬಹರೈನಿನಲ್ಲಿ 1932, ಸೌದಿ ಅರೇಬಿಯ ಮತ್ತು ಕುವೈತಿನಲ್ಲಿ 1938. ಆದರೆ ಹಣ ಹರಿದುಬಂದದ್ದು ಎರಡನೆಯ ಮಹಾಯುದ್ಧದ ನಂತರ. ಆಗಲೂ ಬೆಲೆಯನ್ನು ನಿರ್ಧರಿಸುತ್ತಿದ್ದವರು ಪಾಶ್ಚಾತ್ಯ ಕಂಪನಿಗಳು. ಇದಕ್ಕೆ ಎದುರಾಗಿ 1960ರ ಸೆಪ್ಟೆಂಬರಿನಲ್ಲಿ ಬಾಗ್ದಾದಿನಲ್ಲಿ ಇರಾನ್, ಇರಾಕ್, ಕುವೈತ್, ಸೌದಿ ಅರೇಬಿಯ ಮತ್ತು ವೆನೆಜುವೆಲ ದೇಶಗಳು ಸೇರಿ ಒಪೆಕ್ ಸಂಸ್ಥೆಯನ್ನು ಕಟ್ಟಿದವು. ಇವುಗಳಲ್ಲಿ ವೆನೆಜುವೆಲ ಕ್ರೈಸ್ತರೇ ಹೆಚ್ಚಿರುವ ದೇಶ. ಒಪೆಕ್ ಹುಟ್ಟಿದ್ದು ಧರ್ಮದ ಕಾರಣಕ್ಕಲ್ಲ, ಧಾರಣೆಯ ಕಾರಣಕ್ಕೆ.

ಇನ್ನೊಂದು ಸಂಗತಿಯನ್ನು ಇಂದಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. 1960ರ ದಶಕದವರೆಗೂ ಕೊಲ್ಲಿಯ ಅನೇಕ ನಾಡುಗಳಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿ. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಆ ನಾಡುಗಳಿಗೆಂದೇ ಬೇರೆ ಬಣ್ಣದ "ಗಲ್ಫ್ ರೂಪಾಯಿ" ನೋಟುಗಳನ್ನು ಹೊರಡಿಸಿತು. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ತಮ್ಮದೇ ದಿನಾರುಗಳನ್ನು ತಂದವು. 1966ರ ಜೂನ್ ತಿಂಗಳಲ್ಲಿ ಭಾರತವು ರೂಪಾಯಿಯ ಅಪಮೌಲ್ಯ ಮಾಡಿದಾಗ ಕತಾರ್, ದುಬೈಗಳೂ ಅದನ್ನು ಕೈಬಿಟ್ಟವು. ಏಳೇ ವರ್ಷಗಳ ನಂತರ ಅದೇ ನಾಡುಗಳ ರಿಯಾಲು ದಿರ್ಹಮುಗಳಿಗಾಗಿ ನಮ್ಮವರು ಸಾಲುಗಟ್ಟಿದರು.

ಆ ತಿರುವು 1973ರದು. ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧವಾದಾಗ ಅರಬ್ ದೇಶಗಳು ಎಣ್ಣೆಯ ಪೂರೈಕೆಗೆ ತಡೆ ಹಾಕಿದವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದದ್ದು 1974ರ ಜನವರಿಗೆ 11.65 ಡಾಲರ್ ಆಯಿತು. 1979ರ ಇರಾನಿನ ಕ್ರಾಂತಿ, 1980ರ ಇರಾನ್-ಇರಾಕ್ ಯುದ್ಧಗಳ ಬಳಿಕ 35 ಡಾಲರಿನ ಆಸುಪಾಸಿಗೆ ಹೋಯಿತು. ಹಣವಿತ್ತು, ಕೆಲಸವಿತ್ತು, ಕೆಲಸ ಮಾಡುವಷ್ಟು ಜನ ಅಲ್ಲಿರಲಿಲ್ಲ. ರಸ್ತೆ, ಬಂದರು, ಆಸ್ಪತ್ರೆ, ಅಂಗಡಿ ಎಲ್ಲಕ್ಕೂ ಹೊರಗಿನ ಕೈ ಬೇಕಾಯಿತು.

ಭಟ್ಕಳದ ನವಾಯತರು ಅದಕ್ಕೆ ಮೊದಲೇ ಪರವೂರಿನ ವ್ಯಾಪಾರಕ್ಕೆ ಒಗ್ಗಿದವರು. ಮುಂಬಯಿ, ಮದ್ರಾಸು, ಕಲಕತ್ತೆಗಳಲ್ಲಿ ಅವರ ಅಂಗಡಿಗಳಿದ್ದವು. ಕೊಲ್ಲಿಯ ದಾರಿಯನ್ನೂ ಅವರು ಬೇಗ ಹಿಡಿದರು. ಅವರ ಹಿಂದೆ ಹೊನ್ನಾವರ, ಕುಮಟಾ ತಾಲೂಕಿನ ಒಳಹಳ್ಳಿಗಳವರೂ ಹೋದರು. ಮುಸಲ್ಮಾನರಷ್ಟೇ ಅಲ್ಲ, ಕ್ರೈಸ್ತರೂ ಹಿಂದೂಗಳೂ ಹೋದರು. ಚಾಲಕ, ಬಡಗಿ, ಅಡುಗೆಯವ, ಅಂಗಡಿಯ ಲೆಕ್ಕ ಬರೆಯುವವ, ಹೀಗೆ ನಾನಾ ಕೆಲಸ. ಹುಡುಗನೊಬ್ಬ ಹೋಗಬೇಕಾದರೆ ತಾಯಿಯ ಬಳೆ ಅಡವಿಗೆ ಹೋಗುತ್ತಿತ್ತು, ಇಲ್ಲವೇ ತೋಟದ ಒಂದು ಮೂಲೆ ಪರರ ಪಾಲಾಗುತ್ತಿತ್ತು. ಮುಂಬಯಿಯಲ್ಲಿ ಏಜೆಂಟನ ಬಾಗಿಲು ಕಾಯುವುದೇ ಒಂದು ತಪಸ್ಸು. ಹೋದ ಮೇಲೆ ಡ್ರಾಫ್ಟು, ಕ್ಯಾಸೆಟ್ಟಿನಲ್ಲಿ ಧ್ವನಿ, ಎರಡು ವರ್ಷಕ್ಕೊಮ್ಮೆ ರಜೆ. ಹುಲ್ಲಿನ ಮಾಡು ಹೆಂಚಿನದಾಯಿತು, ಹೆಂಚಿನದು ತಾರಸಿಯಾಯಿತು.

ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಇದರ ಗುರುತು ಬಿತ್ತು. ಹಣ ಬಂದ ಮನೆಯ ತಂಗಿಯರು ಮೊದಲಿಗಿಂತ ಹೆಚ್ಚು ವರ್ಷ ಓದಿದರು. ಅಣ್ಣಂದಿರು ಕಡಿಮೆ ಓದಿದರು. ಪಾಸ್‌ಪೋರ್ಟಿನ ವಯಸ್ಸು ತುಂಬುವುದನ್ನೇ ಕಾಯುತ್ತಿದ್ದ ಹುಡುಗರಿಗೆ ಹತ್ತನೆಯ ತರಗತಿ ಒಂದು ಅಡ್ಡಗೋಡೆಯಂತೆ ಕಾಣುತ್ತಿತ್ತು. 1983ರ ವಲಸೆ ಕಾಯ್ದೆಯ ಪ್ರಕಾರ ಕಡಿಮೆ ಓದಿದವರು ಕೆಲಸಕ್ಕಾಗಿ ಕೊಲ್ಲಿಗೆ ಹೋಗಲು ಸರಕಾರದ ಅನುಮತಿ ಪಡೆಯಬೇಕಾಗಿತ್ತು. ಮುಂದಿನ ನಿಯಮಗಳಲ್ಲಿ ಹತ್ತನೆಯ ತರಗತಿ ತೇರ್ಗಡೆಯಾದವರಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಆಗ ಮಾತ್ರ ಕೆಲವರು ಪರೀಕ್ಷೆಯನ್ನು ಮನಸ್ಸಿಟ್ಟು ಬರೆದರು. ಎಸ್ಸೆಸ್ಸೆಲ್ಸಿಗೆ ಅಂಥ ಬೆಲೆ ಬಂದದ್ದನ್ನು ನೋಡಿ ಸಂತೋಷಪಡಬೇಕೋ ವ್ಯಥೆಪಡಬೇಕೋ ನನಗೆ ತಿಳಿಯುತ್ತಿರಲಿಲ್ಲ.

ಏರಿದ್ದು ಇಳಿಯಿತು. ಬೆಲೆ ಹೆಚ್ಚಾದಾಗ ಎಣ್ಣೆ ಕೊಳ್ಳುವ ದೇಶಗಳು ಮಿತವ್ಯಯ ಕಲಿತವು. ಉತ್ತರ ಸಮುದ್ರದಲ್ಲಿಯೂ ಅಲಾಸ್ಕದಲ್ಲಿಯೂ ಹೊಸ ಬಾವಿಗಳು ಎಣ್ಣೆ ಕೊಡತೊಡಗಿದವು. ಬೆಲೆ ಹಿಡಿದಿಡಲು ಸೌದಿ ಅರೇಬಿಯ ತನ್ನ ಉತ್ಪಾದನೆಯನ್ನು ದಿನಕ್ಕೆ ಸುಮಾರು 1 ಕೋಟಿ ಪೀಪಾಯಿಯಿಂದ 1985ರ ಹೊತ್ತಿಗೆ ಅದರ ಮೂರರಲ್ಲೊಂದು ಪಾಲಿಗೆ ಇಳಿಸಿತು. ಆದರೂ ಆಗಲಿಲ್ಲ. ಕೊನೆಗೆ ಅದು ಕೈಬಿಟ್ಟಾಗ, 1986ರ ನಡುವಿನಲ್ಲಿ ಪೀಪಾಯಿಯ ಬೆಲೆ 10 ಡಾಲರಿಗೂ ಕೆಳಗೆ ಬಿತ್ತು. ದಮ್ಮಾಮಿನಲ್ಲಿ ಗುತ್ತಿಗೆ ನಿಂತಿತು, ಇಲ್ಲಿ ಅರ್ಧ ಎದ್ದ ಚಿರೆಕಲ್ಲಿನ ಗೋಡೆ ಮಳೆಗೆ ಪಾಚಿಗಟ್ಟಿತು. ಆ ಎರಡಕ್ಕೂ ಇರುವ ನಂಟನ್ನು ನಾನು ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ವಿವರಿಸುತ್ತಿದ್ದೆ.

ನಂತರ 1990. ಇರಾನಿನೊಡನೆ ಎಂಟು ವರ್ಷ ಕಾದಾಡಿ ಸಾಲದಲ್ಲಿ ಮುಳುಗಿದ್ದ ಇರಾಕ್, ನೆರೆಯ ಕುವೈತ್ ಮಿತಿಮೀರಿ ಎಣ್ಣೆ ತೆಗೆದು ಬೆಲೆ ಬೀಳಿಸುತ್ತಿದೆ ಎಂದು ಆರೋಪಿಸಿತು. ಆಗಸ್ಟ್ 2ರಂದು ದಂಡೆತ್ತಿ ಹೋಯಿತು. ಇಬ್ಬರೂ ಅರಬರು, ಇಬ್ಬರೂ ಮುಸಲ್ಮಾನರು, ಇಬ್ಬರೂ ಒಪೆಕ್ಕಿನ ಸ್ಥಾಪಕ ಸದಸ್ಯರು. ಧಾರಣೆಯ ಜಗಳದಲ್ಲಿ ಅದಾವುದೂ ಅಡ್ಡಬರಲಿಲ್ಲ. ಒಂದು ಲಕ್ಷಕ್ಕೂ ಮೀರಿದ ಭಾರತೀಯರನ್ನು ಅಮ್ಮಾನ್ ಮಾರ್ಗವಾಗಿ ವಿಮಾನಗಳಲ್ಲಿ ಮುಂಬಯಿಗೆ ಕರೆತರಲಾಯಿತು. ಹಲವರು ಉಟ್ಟ ಬಟ್ಟೆಯಲ್ಲಿ ಬಂದರು. ಜೀವಮಾನದ ಉಳಿತಾಯವಾದ ಕುವೈತಿ ದಿನಾರು ಆ ದಿನಗಳಲ್ಲಿ ಬರಿಯ ಕಾಗದವಾಗಿತ್ತು.

ಆ ಯುದ್ಧ ದೇಶದ ಬೊಕ್ಕಸಕ್ಕೂ ತಟ್ಟಿತು. ಎಣ್ಣೆಯ ಬೆಲೆ ಕೆಲಕಾಲ 40 ಡಾಲರಿನವರೆಗೆ ಏರಿ ನಮ್ಮ ಆಮದಿನ ಖರ್ಚು ಹೆಚ್ಚಿತು. ಅದೇ ಹೊತ್ತಿಗೆ ಕೊಲ್ಲಿಯಿಂದ ಬರುವ ಹಣ ಕುಂದಿತು. ದೇಶದ ವಿದೇಶಿ ವಿನಿಮಯದ ಸ್ಥಿತಿ ಮೊದಲೇ ದುರ್ಬಲವಾಗಿತ್ತು. 1991ರ ಜುಲೈಯಲ್ಲಿ ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಡಬೇಕಾಯಿತು, ರೂಪಾಯಿಯ ಬೆಲೆ ಇಳಿಸಬೇಕಾಯಿತು. ಹಳ್ಳಿಯ ತಾಯಿ ಬಳೆ ಅಡವಿಟ್ಟಂತೆ ದೇಶವೂ ಚಿನ್ನ ಅಡವಿಟ್ಟಿತು.

ಇನ್ನು ಮುಸಲ್ಮಾನರು ಬಹುಸಂಖ್ಯಾತರಾಗಿರುವ ದೇಶಗಳತ್ತ ಒಟ್ಟಾಗಿ ನೋಡೋಣ. ಅಂಥ ದೇಶಗಳು ಸುಮಾರು 50. ಅವುಗಳನ್ನು ತರಗತಿಯಲ್ಲಿ ನಾನು ಮೂರು ಸಾಲುಗಳಲ್ಲಿ ಬರೆಯುತ್ತಿದ್ದೆ.

ಮೊದಲ ಸಾಲಿನಲ್ಲಿ ಎಣ್ಣೆ ಹೆಚ್ಚು, ಜನ ಕಡಿಮೆ ಇರುವ ದೇಶಗಳು: ಕುವೈತ್, ಕತಾರ್, ಸಂಯುಕ್ತ ಅರಬ್ ಸಂಸ್ಥಾನ. ನಮ್ಮ ಕಣ್ಣಿಗೆ ಬೀಳುವುದು ಇವೇ. ಎರಡನೆಯ ಸಾಲಿನಲ್ಲಿ ಎಣ್ಣೆಯೂ ಹೆಚ್ಚು, ಜನವೂ ಹೆಚ್ಚು: ಇರಾನ್, ಇರಾಕ್, ಅಲ್ಜೀರಿಯ. ಇರಾಕ್, ಅಲ್ಜೀರಿಯಗಳ ರಫ್ತಿನಲ್ಲಿ ಎಣ್ಣೆ ಮತ್ತು ಅನಿಲದ ಪಾಲು ಬಹಳ ವರ್ಷಗಳಲ್ಲಿ ನೂರಕ್ಕೆ 90ರಷ್ಟು, ಅದಕ್ಕೂ ಹೆಚ್ಚು. ಬೆಲೆ ಬಿದ್ದರೆ ಇಲ್ಲಿ ಸಂಬಳ, ರೇಷನ್ನು, ಆಸ್ಪತ್ರೆ ಎಲ್ಲಕ್ಕೂ ಕತ್ತರಿ. ಮೂರನೆಯ ಸಾಲು ಬಲು ಉದ್ದ: ಪಾಕಿಸ್ತಾನ, ಬಾಂಗ್ಲಾದೇಶ, ಜೋರ್ಡಾನ್, ಮೊರಾಕೊ, ಟರ್ಕಿ, ಸೆನೆಗಲ್ ಮೊದಲಾದವು. ಇವು ತಮಗೆ ಬೇಕಾದ ಎಣ್ಣೆಯ ಬಹುಪಾಲನ್ನು ಕೊಳ್ಳುತ್ತ ಬಂದವು. ಜನಸಂಖ್ಯೆಯಲ್ಲಿ ಅತಿ ದೊಡ್ಡದಾದ ಇಂಡೋನೇಷ್ಯಾ ಒಂದು ಕಾಲದಲ್ಲಿ ಎಣ್ಣೆ ಮಾರುತ್ತಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಕೊಳ್ಳುವ ದೇಶವಾಗಿ, 2009ರಲ್ಲಿ ಒಪೆಕ್ಕಿನಿಂದ ಹೊರಬಂತು. ಹೀಗೆ ಲೆಕ್ಕ ಹಾಕಿದರೆ ಜಗತ್ತಿನ ಮುಸಲ್ಮಾನರಲ್ಲಿ ಹೆಚ್ಚಿನವರು ಎಣ್ಣೆ ಮಾರುವವರಲ್ಲ, ನಮ್ಮಂತೆಯೇ ಎಣ್ಣೆ ಕೊಳ್ಳುವವರು.

ಮೂರನೆಯ ಸಾಲಿನ ದೇಶಗಳಿಗೂ ನಮ್ಮ ಕರಾವಳಿಗೂ ಇರುವ ಹೋಲಿಕೆ ಗಮನಾರ್ಹ. ಎಣ್ಣೆಯ ಬೆಲೆ ಏರಿದರೆ ಪಾಕಿಸ್ತಾನ, ಬಾಂಗ್ಲಾದೇಶಗಳಿಗೆ ಕೊಲ್ಲಿಯಿಂದ ಬರುವ ಕೂಲಿಯ ಹಣ ಹೆಚ್ಚುತ್ತದೆ. ಆದರೆ ಎಣ್ಣೆ ಕೊಳ್ಳುವ ಖರ್ಚೂ ಹೆಚ್ಚುತ್ತದೆ. ಬೆಲೆ ಇಳಿದರೆ ಖರ್ಚು ಕಡಿಮೆ, ಮಗನ ಕೆಲಸಕ್ಕೆ ಕುತ್ತು. ನಮ್ಮ ಧಕ್ಕೆಯಲ್ಲಿ ನಡೆಯುವುದೂ ಇದೇ. ಹೊನ್ನಾವರದ ಕಾಸರಕೋಡಿನಲ್ಲೋ ಕುಮಟಾ ತಾಲೂಕಿನ ತದಡಿಯಲ್ಲೋ ತಂದೆ ಬೋಟಿಗೆ ಡೀಸೆಲ್ ತುಂಬಿಸುವಾಗ ಬೆಲೆ ಇಳಿಯಲಿ ಎನ್ನುತ್ತಾನೆ. ದುಬೈಯಲ್ಲಿರುವ ಮಗ ಬೆಲೆ ಏರಲಿ ಎನ್ನುತ್ತಾನೆ. ಒಂದೇ ಮನೆಯ ಎರಡು ಹರಕೆ. ಭಾರತವು ತನಗೆ ಬೇಕಾದ ಕಚ್ಚಾತೈಲದ ನೂರಕ್ಕೆ 85ಕ್ಕೂ ಹೆಚ್ಚು ಭಾಗವನ್ನು ಹೊರಗಿನಿಂದ ತರಿಸುವ ದೇಶವಾಗಿರುವುದರಿಂದ ಈ ಇಬ್ಬಂದಿ ಇಡೀ ದೇಶದ್ದೂ ಹೌದು.

ಈ ದೇಶಗಳು ತಮ್ಮತಮ್ಮಲ್ಲಿ ವ್ಯಾಪಾರ ಮಾಡಿಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. 1969ರಲ್ಲಿ ಸ್ಥಾಪನೆಯಾದ ಇಸ್ಲಾಮಿಕ್ ಸಹಕಾರ ಸಂಘಟನೆಯಲ್ಲಿ 57 ಸದಸ್ಯರಿದ್ದಾರೆ. ತಮ್ಮೊಳಗಿನ ವ್ಯಾಪಾರವನ್ನು 2025ರೊಳಗೆ ಒಟ್ಟು ವ್ಯಾಪಾರದ ನಾಲ್ಕರಲ್ಲೊಂದು ಪಾಲಿಗೆ ಏರಿಸಬೇಕೆಂದು ಅವರು ಗುರಿ ಇಟ್ಟುಕೊಂಡಿದ್ದರು. ಅದು ಐದರಲ್ಲೊಂದು ಪಾಲಿನ ಆಸುಪಾಸಿನಲ್ಲೇ ಉಳಿಯುತ್ತ ಬಂತು. ಕಾರಣ ಸರಳ. ಎಣ್ಣೆಯ ದೊಡ್ಡ ಗಿರಾಕಿಗಳು ಚೀನ, ಭಾರತ, ಜಪಾನ್, ದಕ್ಷಿಣ ಕೊರಿಯ. ಯಂತ್ರ, ಔಷಧಿ, ವಾಹನಗಳು ಬರುವುದೂ ಹೆಚ್ಚಾಗಿ ಬೇರೆಯವರಿಂದ. ಎದುರುಬದುರು ಎರಡು ಅಡಿಕೆ ಅಂಗಡಿಯವರು ತಮ್ಮತಮ್ಮಲ್ಲೇ ಅಡಿಕೆ ಮಾರಿಕೊಂಡು ಬದುಕಲಾರರು. ವ್ಯಾಪಾರ ನಡೆಯುವುದು ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿ ಇದ್ದಾಗ.

ಈ ಬಂಧನದಿಂದ ಸ್ವಲ್ಪವಾದರೂ ಬಿಡಿಸಿಕೊಂಡ ದೇಶಗಳ ದಾರಿ ನೋಡಿದರೆ ಪಾಠವಿದೆ. ರಬ್ಬರು, ತವರಗಳನ್ನು ನೆಚ್ಚಿದ್ದ ಮಲೇಷ್ಯಾ 1970ರ ದಶಕದಿಂದ ಕಾರ್ಖಾನೆಗಳನ್ನು ಬೆಳೆಸಿತು. ಅದರ ರಫ್ತಿನಲ್ಲಿ ಅತಿ ದೊಡ್ಡ ಪಾಲು ಎಲೆಕ್ಟ್ರಾನಿಕ್ ಸರಕುಗಳದ್ದಾಯಿತು. ಎಣ್ಣೆಯೇ ಇಲ್ಲವೆನ್ನಬಹುದಾದ ಬಾಂಗ್ಲಾದೇಶ ಸಿದ್ಧ ಉಡುಪಿನಲ್ಲಿ ಜಗತ್ತಿನ ಮುಂಚೂಣಿಗೆ ಬಂತು. ಆದರೆ ಅದರ ರಫ್ತಿನ ನೂರಕ್ಕೆ 80ಕ್ಕಿಂತ ಹೆಚ್ಚು ಭಾಗ ಉಡುಪೇ ಆದುದರಿಂದ ಅದೂ ಒಂದು ಬಗೆಯ ಒಂಟಿ ಬೆಳೆ. ದುಬೈ ಎಣ್ಣೆ ಸಿಗುವ ಮೊದಲೇ, 1959ರ ಸುಮಾರಿಗೆ, ಕುವೈತಿನಿಂದ ಸಾಲ ತಂದು ತನ್ನ ಅಳಿವೆಯ ಹೂಳೆತ್ತಿಸಿತು. ಎಣ್ಣೆ ಸಿಕ್ಕಿದ್ದು 1966ರಲ್ಲಿ. ಅದು ಬಹುಕಾಲ ಬಾರದೆಂದು ಅರಿತು 1979ರಲ್ಲಿ ಜೆಬೆಲ್ ಅಲಿ ಬಂದರನ್ನೂ 1985ರಲ್ಲಿ ಅದರ ಪಕ್ಕದಲ್ಲಿ ಮುಕ್ತ ವ್ಯಾಪಾರ ವಲಯವನ್ನೂ ತೆರೆಯಿತು. ಆದರೂ 2009ರಲ್ಲಿ ದುಬೈ ತನ್ನ ಸಾಲಗಳಿಗೆ ಗಡುವು ಕೇಳಬೇಕಾಯಿತು, ಎಣ್ಣೆಯಿರುವ ಅಬುಧಾಬಿ ಕೈಹಿಡಿಯಬೇಕಾಯಿತು. ಕುವೈತ್ 1976ರಲ್ಲಿ ಮುಂದಿನ ಪೀಳಿಗೆಗಾಗಿ ಒಂದು ನಿಧಿಯನ್ನು ಕಟ್ಟಿ, ವರ್ಷದ ಆದಾಯದ ಹತ್ತರಲ್ಲೊಂದು ಪಾಲನ್ನು ಅದರಲ್ಲಿ ಇಡಲು ಕಾನೂನು ಮಾಡಿತು. 1990ರಲ್ಲಿ ದೇಶವೇ ಕೈತಪ್ಪಿದಾಗ ಹೊರಗೆ ಹೂಡಿದ್ದ ಹಣವೇ ಅವರಿಗೆ ಆಸರೆಯಾಯಿತು. ಬಿತ್ತನೆಯ ಭತ್ತವನ್ನು ತಿನ್ನಬಾರದೆಂಬ ನಮ್ಮ ರೈತರ ನಿಯಮವೇ ಇದು.

21ನೆಯ ಶತಮಾನದಲ್ಲಿ ಏರಿಳಿತ ಇನ್ನೂ ಚುರುಕಾಯಿತು. 2008ರ ಜುಲೈಯಲ್ಲಿ ಪೀಪಾಯಿಗೆ 147 ಡಾಲರ್ ಮುಟ್ಟಿದ್ದು ಅದೇ ಡಿಸೆಂಬರಿನಲ್ಲಿ 40ಕ್ಕೂ ಕೆಳಗೆ ಬಂತು. 2014ರ ಜೂನ್‌ನಲ್ಲಿ ಸುಮಾರು 115 ಇದ್ದದ್ದು 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ. ಇದಕ್ಕೆ ಅಮೆರಿಕದ ಶೇಲ್ ಬಂಡೆಗಳಿಂದ ತೆಗೆದ ಎಣ್ಣೆಯೂ ಒಂದು ದೊಡ್ಡ ಕಾರಣ. 2020ರ ಏಪ್ರಿಲ್ 20ರಂದು, ಕೋವಿಡ್ ದಿನಗಳಲ್ಲಿ, ಅಮೆರಿಕದ ಪೇಟೆಯಲ್ಲಿ ಬೆಲೆ ಸೊನ್ನೆಗಿಂತಲೂ ಕೆಳಗಿಳಿಯಿತು. ಅಂದರೆ ಎಣ್ಣೆ ಒಯ್ಯುವವನಿಗೇ ಹಣ ಕೊಡಬೇಕಾದ ಸ್ಥಿತಿ. ಎರಡೇ ವರ್ಷದಲ್ಲಿ, 2022ರ ಮಾರ್ಚಿನಲ್ಲಿ, ಉಕ್ರೇನ್ ಯುದ್ಧದಿಂದಾಗಿ ಅದು 120 ಡಾಲರ್ ದಾಟಿತು.

2014ರ ಕುಸಿತದ ಪರಿಣಾಮ ನಮ್ಮ ಹಳ್ಳಿಗಳಲ್ಲಿ ದೀರ್ಘಕಾಲ ಉಳಿಯಿತು. ಸೌದಿ ಅರೇಬಿಯ 2016ರಲ್ಲಿ "ವಿಷನ್ 2030" ಎಂಬ ಯೋಜನೆಯನ್ನು ಸಾರಿತು. ಎಣ್ಣೆಯ ಅವಲಂಬನೆ ತಗ್ಗಿಸುವುದು, ತಮ್ಮ ಯುವಕರಿಗೆ ಕೆಲಸ ಕೊಡುವುದು ಅದರ ಉದ್ದೇಶ. 2017ರ ಜುಲೈಯಿಂದ ವಿದೇಶಿ ಕೆಲಸಗಾರನ ಹೆಂಡತಿ ಮಕ್ಕಳಲ್ಲಿ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ಅದು ವರ್ಷವರ್ಷವೂ ಏರಿ 2020ರಲ್ಲಿ 400 ರಿಯಾಲ್ ಆಯಿತು. 2018ರಲ್ಲಿ ನೂರಕ್ಕೆ 5ರ ಮೌಲ್ಯವರ್ಧಿತ ತೆರಿಗೆ ಬಂತು, 2020ರ ಜುಲೈಯಲ್ಲಿ ಅದು 15ಕ್ಕೆ ಏರಿತು. ಅನೇಕರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದರು. ಅಲ್ಲಿಯ ಶಾಲೆಗಳಲ್ಲಿ ಇಂಗ್ಲಿಷ್, ಅರಬ್ಬಿ ಓದುತ್ತಿದ್ದ ಮಕ್ಕಳು ಏಕಾಏಕಿ ಕನ್ನಡದ ಒತ್ತಕ್ಷರ ತಿದ್ದಲು ಕುಳಿತರು. ಸೌದಿ ಅರೇಬಿಯ ಮಾಡಿದ್ದು ಅವರ ದೇಶದ ಹಿತಕ್ಕೆ ತಕ್ಕದ್ದೇ. ಒಂದೇ ಸರಕಿನಿಂದ ಹೊರಬರುವುದು ಬುದ್ಧಿವಂತರ ಲಕ್ಷಣ. ಆದರೆ ಅವರು ಹೊರಬರುವ ಖರ್ಚಿನಲ್ಲಿ ಒಂದು ಪಾಲನ್ನು ಸಂತೆಗುಳಿಯಂಥ ಊರುಗಳೂ ತೆರುತ್ತವೆ. ಈ ಮಾತು ಯಾರ ಬಜೆಟ್ಟಿನಲ್ಲಿಯೂ ಬರೆದಿರುವುದಿಲ್ಲ.

ದೇಶದ ಮಟ್ಟದಲ್ಲಿ ಬದಲಾವಣೆ ಕಾಣುತ್ತಿದೆ. ರಿಸರ್ವ್ ಬ್ಯಾಂಕಿನ ಸಮೀಕ್ಷೆಯಂತೆ 2016-17ರಲ್ಲಿ ಹೊರದೇಶದಲ್ಲಿರುವ ಭಾರತೀಯರು ಕಳಿಸಿದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಲ್ಲಿಯ ಆರು ದೇಶಗಳಿಂದ ಬಂದಿತ್ತು. 2023-24ರಲ್ಲಿ ಅದು ನೂರಕ್ಕೆ 38ರಷ್ಟು. ಅಮೆರಿಕ, ಬ್ರಿಟನ್‌ಗಳ ಪಾಲು ಹೆಚ್ಚಿತು. ಈ ಅಂತರದ ಹಿಂದೆ ಇರುವುದು ವಿದ್ಯೆ. ಕೈಕೆಲಸದ ಬಲದಿಂದ ಹೋಗುವವನಿಗೆ ಒಂದೇ ದಿಕ್ಕು ತೆರೆದಿರುತ್ತದೆ. ಓದಿದವನಿಗೆ ನಾಲ್ಕು ದಿಕ್ಕು.

ಆದ್ದರಿಂದ ಇಬ್ನ್ ಬತೂತನ ಆ 23 ಮತ್ತು 13 ಶಾಲೆಗಳ ಮಾತನ್ನು ಇಲ್ಲಿ ಮತ್ತೆ ಎತ್ತುತ್ತೇನೆ. ಬೇಸಾಯದ ಭೂಮಿಯಿಲ್ಲದ, ಕಡಲನ್ನೇ ನಂಬಿದ ಆ ಊರು ಗಂಡು ಹೆಣ್ಣು ಇಬ್ಬರಿಗೂ ಶಾಲೆ ಕಟ್ಟಿತ್ತು. ಅಲ್ಲಿ ಕಲಿಸುತ್ತಿದ್ದದ್ದು ಮುಖ್ಯವಾಗಿ ಧರ್ಮಗ್ರಂಥವೇ ಇರಬಹುದು. ಆದರೂ ಹಣ ಬಂದಾಗ ಅದರ ಒಂದು ಪಾಲು ಪಾಠಕ್ಕೆ ಹೋಗಬೇಕೆಂಬ ತಿಳಿವಳಿಕೆ ಇತ್ತು. ಭಟ್ಕಳದಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ ಹುಟ್ಟಿದ್ದು 1919ರಲ್ಲಿ, ಸೌದಿ ಅರೇಬಿಯದಲ್ಲಿ ಎಣ್ಣೆ ಸಿಗುವುದಕ್ಕೆ 19 ವರ್ಷ ಮೊದಲು. ಬಟ್ಟೆ ಅಂಗಡಿಯ ಕಾಲದಲ್ಲಿ ಆರಂಭವಾದ ಆ ಸಂಸ್ಥೆ ಎಣ್ಣೆಯ ಕಾಲದಲ್ಲಿ ಬೆಳೆಯಿತು. 1980ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ತೆರೆಯಿತು. ಪೀಪಾಯಿಯ ಬೆಲೆ 10 ಡಾಲರಿಗೆ ಇಳಿದ ವರ್ಷವೂ ಅಲ್ಲಿ ಗಂಟೆ ಬಾರಿಸಿತು.

ನಮ್ಮ ಒಳಹಳ್ಳಿಗಳಲ್ಲಿ ಈ ಮಾತು ಇನ್ನೂ ಪೂರ್ತಿ ಇಳಿದಿಲ್ಲ ಎಂಬುದು ನನ್ನ ಚಿಂತೆ. ಮನೆಗೆ ಎರಡನೆಯ ಅಂತಸ್ತು ಏರಿಸಿದವರು ಬಹಳ. ಮಗಳನ್ನು ಪದವಿಯವರೆಗೆ, ಮಗನನ್ನು ಒಂದು ಸರಿಯಾದ ವೃತ್ತಿ ಶಿಕ್ಷಣದವರೆಗೆ ಓದಿಸಿದವರು ಅಷ್ಟಿಲ್ಲ. ಮಾಡಿನ ಮೇಲೆ ಮಾಡು ಕಟ್ಟಿದರೆ ಧಾರಣೆ ಇಳಿದಾಗ ಅದನ್ನು ಮಾರಬೇಕಾಗುತ್ತದೆ. ಕಲಿತ ವಿದ್ಯೆಯನ್ನು ಮಾರಬೇಕಾದ ಪ್ರಸಂಗ ಬರುವುದಿಲ್ಲ. ಕುದುರೆ ಹೋಯಿತು, ಮೆಣಸಿನ ರಾಜ್ಯ ಹೋಯಿತು, ಹತ್ತಿ ಹೋಯಿತು, ಆಚೆಯ ದಡದಲ್ಲಿ ಮುತ್ತು ಹೋಯಿತು. ಎಣ್ಣೆಯೂ ಒಂದು ದಿನ ಬರಿದಾಗಬಹುದು, ಇಲ್ಲವೇ ಬೇಡವಾಗಬಹುದು. ಅದರ ತಾರೀಖು ಯಾರ ಕೈಯಲ್ಲಿಯೂ ಇಲ್ಲ. ಆ ದಿನ ಬರುವ ಮೊದಲು ಕೊಲ್ಲಿಯಿಂದ ಬರುವ ಪ್ರತಿ ಡ್ರಾಫ್ಟಿನ ಒಂದು ಪಾಲು ಮಕ್ಕಳ ಪುಸ್ತಕಕ್ಕೆ ಹೋಗಲಿ ಎಂಬುದಷ್ಟೇ ಈ ಹಳೆಯ ಮೇಷ್ಟ್ರ ಮಾತು.